ಬಾಲ್ಕನಿ ಕಿತ್ತಳೆಗೆ ಯಾವ ನೀರು?

ಹೂಡಿಯಿಂದ ಕಾಡುಗೋಡಿವರೆಗೆ, ಸರ್ಜಾಪುರ ರಸ್ತೆಯುದ್ದಕ್ಕೂ, ಎಲೆಕ್ಟ್ರಾನಿಕ್ ಸಿಟಿಯ ಹಿಂದಿನ ಒಳರಸ್ತೆಗಳಲ್ಲಿ, ಎಲ್ಲೇ ನರ್ಸರಿ ಇರಲಿ, ಮುಂದಿನ ಸಾಲಿನಲ್ಲಿ ಈಗ ಒಂದು ಗಿಡ ಇದ್ದೇ ಇರುತ್ತೆ. ಎರಡಡಿ ಎತ್ತರ, ಹೊಳೆಯುವ ಕಡು ಹಸಿರು ಎಲೆ, ಮೈತುಂಬ ಗೋಲಿಗಿಂತ ತುಸು ದೊಡ್ಡದಾದ ಕಿತ್ತಳೆ ಹಣ್ಣು. ‘ಚೈನಾ ಆರೆಂಜ್ ಸಾರ್, ವರ್ಷಪೂರ್ತಿ ಹಣ್ಣು ಬಿಡುತ್ತೆ, ನೀರು ಹಾಕಿದ್ರೆ ಸಾಕು’ ಅಂತಾರೆ ಮಾರುವವರು. ಆ ಮಾತಿನಲ್ಲಿ ಮೊದಲ ಅರ್ಧ ಸುಮಾರಾಗಿ ನಿಜ. ತೊಂದರೆ ಇರೋದು ಎರಡನೇ ಅರ್ಧದಲ್ಲಿ. ನೀರು ಹಾಕಿದ್ರೆ ಸಾಕು, ಸರಿ. ಆದರೆ ಯಾವ ನೀರು?

ಇದು ಸುಮ್ಮನೆ ಕೇಳುವ ಪ್ರಶ್ನೆ ಅಲ್ಲ. ಬೆಂಗಳೂರಿನ ಹೊರವಲಯದಲ್ಲಿ ನಮ್ಮ ಮನೆಗಳಿಗೆ ಬರೋದು ಒಂದೇ ನೀರಲ್ಲ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು, ಸಾಫ್ಟ್‌ನರ್ ದಾಟಿ ಬಂದ ನೀರು, ಆರ್‌ಒ ಯಂತ್ರ ಹೊರಗೆ ಬಿಡುವ ನೀರು, ಎಸ್‌ಟಿಪಿಯಲ್ಲಿ ಶುದ್ಧಿಯಾದ ನೀರು, ಅದೃಷ್ಟ ಇದ್ದರೆ ಕಾವೇರಿ. ಮನಿ ಪ್ಲಾಂಟ್, ಕ್ರೋಟನ್, ಸ್ನೇಕ್ ಪ್ಲಾಂಟ್‌ಗಳಿಗೆ ಈ ವ್ಯತ್ಯಾಸ ಅಷ್ಟಾಗಿ ತಾಗೋದಿಲ್ಲ. ನಿಂಬೆ ಜಾತಿಯ ಗಿಡಗಳಿಗೆ ತಾಗುತ್ತೆ. ನಮ್ಮ ಮನೆಯ ಗಿಡ ಅದನ್ನು ಎಲೆಯ ಬಣ್ಣದಲ್ಲೇ ಹೇಳಿತು.

ಎರಡು ವರ್ಷ ನಾವು ವಿಜಯನಗರದಲ್ಲಿ ಬಾಡಿಗೆಗಿದ್ದೆವು. ಅಲ್ಲಿ ಕಾವೇರಿ ನೀರು. ಗಿಡ ಕಡು ಹಸಿರಾಗಿತ್ತು. ಆಫೀಸಿಗೆ ಹತ್ತಿರ ಆಗಲಿ ಅಂತ ವೈಟ್‌ಫೀಲ್ಡ್ ದಾಟಿ ಒಂದು ಅಪಾರ್ಟ್‌ಮೆಂಟಿಗೆ ಬಂದೆವು. ಅದೇ ಕುಂಡ, ಅದೇ ಮಣ್ಣು, ಅದೇ ಗೊಬ್ಬರ, ಅಲ್ಲಿಗಿಂತ ಹೆಚ್ಚೇ ಬಿಸಿಲು. ನಾಲ್ಕು ತಿಂಗಳಾಗುವಷ್ಟರಲ್ಲಿ ಹೊಸ ಚಿಗುರೆಲ್ಲ ತೆಳು ಹಳದಿ, ನರಗಳು ಮಾತ್ರ ಹಸಿರು. ಹಳೇ ಎಲೆಗಳ ತುದಿ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಹಾಗಾಗಿತ್ತು. ಬದಲಾಗಿದ್ದು ನೀರೊಂದೇ. ಅಪಾರ್ಟ್‌ಮೆಂಟಿನ ಮಾಲಿ ಒಮ್ಮೆ ನೋಡಿ ಹೇಳಿಬಿಟ್ಟರು: ‘ಸಾರ್, ಈ ನೀರಲ್ಲಿ ಕ್ರೋಟನ್ ಬರುತ್ತೆ, ನಿಂಬೆ ಜಾತಿ ಏಳಲ್ಲ.’ ಅವರು ಹೇಳಿದ್ದು ಯಾಕೆ ಸರಿ ಅಂತ ತಿಳಿದುಕೊಳ್ಳೋಕೆ ನನಗೆ ಒಂದು ಬೇಸಿಗೆ ಬೇಕಾಯಿತು. ಹಾಗೆ ತಿಳಿದಿದ್ದು ಇಲ್ಲಿದೆ.

ಮೊದಲು, ಇದು ಯಾರ ಮನೆಯ ಗಿಡ?

ನರ್ಸರಿಯವರು ಚೈನಾ ಆರೆಂಜ್ ಅನ್ನೋದು ಬಹುಮಟ್ಟಿಗೆ ಕ್ಯಾಲಮಾಂಡಿನ್. ಕಿತ್ತಳೆ ಮತ್ತು ಕುಮ್‌ಕ್ವಾಟ್ ಸೇರಿ ಹುಟ್ಟಿದ ಮಿಶ್ರತಳಿ. ಫಿಲಿಪ್ಪೀನ್ಸ್‌ನಲ್ಲಿ ಇದರ ಹೆಸರು ಕಲಮಾನ್ಸಿ. ನಾವು ನಿಂಬೆ ಹಿಂಡುವ ಕಡೆಯೆಲ್ಲ ಅವರು ಇದನ್ನು ಹಿಂಡುತ್ತಾರೆ. ಅಪರೂಪಕ್ಕೆ ಕುಮ್‌ಕ್ವಾಟ್ ಕೂಡ ಸಿಗುತ್ತೆ. ಅದರ ಹಣ್ಣು ಉದ್ದುದ್ದ, ಸಿಪ್ಪೆ ಸಮೇತ ತಿನ್ನಬಹುದು; ಸಿಪ್ಪೆ ಸಿಹಿ, ಒಳಗೆ ಹುಳಿ. ದಕ್ಷಿಣ ಚೀನಾ, ಹಾಂಗ್‌ಕಾಂಗ್, ವಿಯೆಟ್ನಾಂಗಳಲ್ಲಿ ಹೊಸ ವರ್ಷಕ್ಕೆ ಹಣ್ಣು ತುಂಬಿದ ಇಂಥ ಕುಂಡಗಳನ್ನು ಮನೆಗೆ ತಂದಿಡುವ ಪದ್ಧತಿ ಇದೆ. ಬಂಗಾರದ ಬಣ್ಣ, ಹಾಗಾಗಿ ಸಂಪತ್ತಿನ ಸಂಕೇತ. ಕುಮ್‌ಕ್ವಾಟನ್ನು 1846ರಲ್ಲಿ ಯುರೋಪಿಗೆ ಒಯ್ದವನು ರಾಬರ್ಟ್ ಫಾರ್ಚೂನ್ ಎಂಬ ಸಸ್ಯ ಸಂಗ್ರಾಹಕ. ಚಳಿಯ ದೇಶದಲ್ಲಿ ಕಿತ್ತಳೆ ಬೆಳೆಯೋ ಆಸೆ ಎಷ್ಟಿತ್ತೆಂದರೆ, ಫ್ರಾನ್ಸ್‌ನ ವರ್ಸೇಲ್ಸ್ ಅರಮನೆಯಲ್ಲಿ 1684ರಿಂದ 1686ರವರೆಗೆ ಈ ಗಿಡಗಳನ್ನು ಚಳಿಗಾಲದಲ್ಲಿ ಇಡೋಕೆಂದೇ ಒಂದು ಭಾರಿ ಕಟ್ಟಡ ಕಟ್ಟಿದರು.

ಮೂಲ ಹುಡುಕುತ್ತ ಹೋದರೆ ಇದು ನಮ್ಮ ಕಡೆಯದೇ. 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಜೀನೋಮ್ ಅಧ್ಯಯನವೊಂದು ಈ ಇಡೀ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಂ, ಉತ್ತರ ಮ್ಯಾನ್ಮಾರ್, ಪಶ್ಚಿಮ ಯುನ್ನಾನ್ ಸುತ್ತಮುತ್ತಲ ಪ್ರದೇಶ ಎಂದು ಹೇಳಿತು. ಇವತ್ತು ನಾವು ತಿನ್ನುವ ನಿಂಬೆ, ಮೂಸಂಬಿ, ಕಿತ್ತಳೆಗಳಲ್ಲಿ ಹೆಚ್ಚಿನವು ಮೂರು ಮೂಲ ಜಾತಿಗಳ ಬೆರಕೆ: ಚಕ್ಕೋತ, ಮಾದಲ, ಮ್ಯಾಂಡರಿನ್ ಕಿತ್ತಳೆ. ಮೂರಕ್ಕೂ ಕನ್ನಡ ನಾಡಿನಲ್ಲಿ ಜಾಗ ಇದೆ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಗಿ ಜಮೀನಿನ ಬೆಲೆ ಏರಿದ ಮೇಲೆ ಆ ತೋಟಗಳು ಕಡಿಮೆಯಾಗುತ್ತ ಬಂದವು. ಕೊಡಗಿನ ಕಿತ್ತಳೆಗೆ 2006ರಲ್ಲೇ ಆ ಗುರುತು ಬಂತು. ಆದರೆ ರೋಗ ಬಡಿದು ಬೆಳೆ ಬಹಳ ಇಳಿದಿದೆ. ನಮ್ಮಮ್ಮ ಹಾಸನದ ಕಡೆಯವರು. ಮೊದಲ ಸಲ ನಮ್ಮ ಗಿಡ ನೋಡಿದಾಗ ಎಲೆ ಚಿವುಟಿ, ಮೂಸಿ, ‘ಇದೇನೋ, ಹೇರಳೆ ಮರಿ ಥರ ಇದೆಯಲ್ಲೋ’ ಅಂದರು. ಹೇರಳೆಕಾಯಿ ಚಿತ್ರಾನ್ನ ತಿಂದವರಿಗೆ ಆ ವಾಸನೆಯ ನೆಂಟಸ್ತಿಕೆ ತಕ್ಷಣ ಗೊತ್ತಾಗುತ್ತೆ. ಬಿಲ್ವ, ಕರಿಬೇವು ಕೂಡ ಇದೇ ಕುಟುಂಬದವು. ಈ ಮಾತು ನೆನಪಿಟ್ಟುಕೊಳ್ಳಿ, ಹುಳುಗಳ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಇನ್ನು ವೈಟ್‌ಫೀಲ್ಡ್. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟಿದ್ದು ಕೃಷಿ ಮಾಡಿಕೊಂಡು ಬದುಕಲಿ ಅಂತ. ಟೆಕ್ ಪಾರ್ಕ್ ಆಗೋಕೆ ನೂರು ವರ್ಷ ಮೊದಲು ಇದು ಬೇಸಾಯದ ಊರು. ಇಲ್ಲಿನ ಮಣ್ಣಿನ ತಪ್ಪಿಲ್ಲ, ಹವೆಯ ತಪ್ಪೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಹಿಮ ಬೀಳೋದಿಲ್ಲ, ಅತಿಯಾದ ಸೆಕೆಯೂ ಅಪರೂಪ. ಕಿತ್ತಳೆ ಜಾತಿಗೆ ಇಷ್ಟು ಸಾಕು.

ನೀರಿನ ಲೆಕ್ಕ

ಈಗ ಮುಖ್ಯ ವಿಷಯ. ನೂರಾರು ಅಡಿ ಆಳದ ಬೋರ್‌ವೆಲ್ ನೀರು ಕಲ್ಲಿನ ಸಂದಿಗಳಲ್ಲಿ ಬಹಳ ಕಾಲ ನಿಂತು ಬಂದದ್ದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಕರಗಿರುತ್ತವೆ. ಬಕೆಟ್ಟಿನ ಅಂಚಿಗೆ, ಗೀಸರ್ ಕಾಯಿಲ್‌ಗೆ, ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟೋದು ಇದೇ. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಹೇಳುವಂತೆ ಲೀಟರಿಗೆ 500 ಮಿಲಿಗ್ರಾಂವರೆಗೆ ಟಿಡಿಎಸ್, 200 ಮಿಲಿಗ್ರಾಂವರೆಗೆ ಗಡಸುತನ ಸ್ವೀಕಾರಾರ್ಹ. ಬೇರೆ ದಾರಿ ಇಲ್ಲದಿದ್ದರೆ 2,000 ಮತ್ತು 600ರವರೆಗೆ ಬಿಡುತ್ತಾರೆ. ನಾನೊಂದು ಸಣ್ಣ ಟಿಡಿಎಸ್ ಮೀಟರ್ ತರಿಸಿದೆ. ನಮ್ಮ ಸಂಪಿಗೆ ಬರುವ ಟ್ಯಾಂಕರ್ ನೀರಿನ ಓದು ಪ್ರತಿ ವಾರ ಬೇರೆ. ಯಾವ ಬೋರ್‌ವೆಲ್‌ನಿಂದ ತುಂಬಿಸಿದರು ಅನ್ನೋದರ ಮೇಲೆ ಹೋಗುತ್ತೆ. 800 ದಾಟಿದ ದಿನಗಳೇ ಹೆಚ್ಚು.

ನಿಂಬೆ ಜಾತಿಗೆ ಬೇಕಾಗಿರೋದು ಸ್ವಲ್ಪ ಹುಳಿ ಮಣ್ಣು, ಪಿಎಚ್ 5.5ರಿಂದ 6.5ರ ಆಸುಪಾಸು. ಬೈಕಾರ್ಬೊನೇಟ್ ತುಂಬಿದ ನೀರನ್ನು ದಿನಾ ಹುಯ್ಯುತ್ತ ಹೋದರೆ ಕುಂಡದ ಮಣ್ಣು ತಿಂಗಳಿಂದ ತಿಂಗಳಿಗೆ ಕ್ಷಾರದ ಕಡೆಗೆ ಜಾರುತ್ತೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಳೆದುಕೊಳ್ಳೋ ರೂಪದಲ್ಲಿ ಇರೋದಿಲ್ಲ. ನಮ್ಮ ಕೆಂಪು ಮಣ್ಣು ಕೆಂಪಾಗಿರೋದೇ ಕಬ್ಬಿಣದಿಂದ, ಆದರೂ ಅದರಲ್ಲೇ ನಿಂತ ಗಿಡ ಕಬ್ಬಿಣ ಸಿಗದೆ ಹಳದಿಯಾಗುತ್ತೆ. ಹೊಲದಲ್ಲಿ ಒಂದು ಮಳೆಗಾಲ ಬಂದರೆ ಉಪ್ಪು ತೊಳೆದು ಕೆಳಗಿಳಿಯುತ್ತೆ. ಸೂರಿನ ಕೆಳಗಿರುವ ಬಾಲ್ಕನಿ ಕುಂಡಕ್ಕೆ ಆ ಮಳೆ ಬೀಳೋದೇ ಇಲ್ಲ.

ಇದಕ್ಕಿಂತ ದೊಡ್ಡ ಸಮಸ್ಯೆ ಸಾಫ್ಟ್‌ನರ್. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕೂದಲು ಉದುರುತ್ತೆ, ವಾಷಿಂಗ್ ಮೆಷಿನ್ ಹಾಳಾಗುತ್ತೆ ಅಂತ ಇಡೀ ಕಟ್ಟಡಕ್ಕೇ ಸಾಫ್ಟ್‌ನರ್ ಹಾಕಿರುತ್ತಾರೆ. ಅದು ಮಾಡೋದು ಸರಳ ಅದಲುಬದಲು: ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು, ಬದಲಿಗೆ ಸೋಡಿಯಂ ಬಿಡುತ್ತೆ. ಆ ಸೋಡಿಯಂ ಬರೋದು ವಾರಕ್ಕೊಮ್ಮೆ ಯಂತ್ರಕ್ಕೆ ಸುರಿಯುವ ಉಪ್ಪಿನ ಮೂಟೆಯಿಂದ. ಇಲ್ಲಿ ಎಂಜಿನಿಯರುಗಳೂ ಎಡವುವ ಒಂದು ಅಂಶ ಇದೆ: ಸಾಫ್ಟ್‌ನರ್ ದಾಟಿದ ನೀರಿನ ಟಿಡಿಎಸ್ ಇಳಿಯೋದಿಲ್ಲ. ಒಂದನ್ನು ತೆಗೆದು ಇನ್ನೊಂದನ್ನು ಹಾಕಿದ ಮೇಲೆ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಮೀಟರ್ ಮೊದಲಿನಷ್ಟೇ ತೋರಿಸುತ್ತೆ, ಸೋಪು ಮಾತ್ರ ಚೆನ್ನಾಗಿ ನೊರೆ ಬರುತ್ತೆ. ಮನುಷ್ಯರ ಚರ್ಮಕ್ಕೆ ಒಳ್ಳೇದು, ಗಿಡಕ್ಕೆ ಕೆಟ್ಟದ್ದು. ಕ್ಯಾಲ್ಸಿಯಂ ಗಿಡಕ್ಕೆ ಆಹಾರ, ಸೋಡಿಯಂ ಅಲ್ಲ. ಅದು ಜೇಡಿ ಮಣ್ಣಿನ ಕಣಗಳನ್ನು ಬಿಡಿಸಿ, ಮಣ್ಣು ಗಟ್ಟಿಯಾಗಿ ನೀರು ಇಂಗದ ಹಾಗೆ ಮಾಡುತ್ತೆ. ಎಲೆಯ ತುದಿ, ಅಂಚುಗಳನ್ನು ಸುಡುತ್ತೆ. ನಮ್ಮ ಗಿಡದ ಕಂದು ತುದಿಗೆ ಕಾರಣ ಇದೇ ಇರಬೇಕು ಅಂತ ನನಗನಿಸಿದ್ದು, ಬಾಲ್ಕನಿ ನಲ್ಲಿಗೂ ಸಾಫ್ಟ್‌ನರ್ ನೀರೇ ಬರುತ್ತೆ ಅಂತ ಪ್ಲಂಬರ್ ಹೇಳಿದ ಮೇಲೆ.

ಆರ್‌ಒ ಯಂತ್ರದ ‘ವೇಸ್ಟ್’ ನೀರನ್ನು ಗಿಡಕ್ಕೆ ಹಾಕಿ ಅಂತ ಎಲ್ಲರೂ ಹೇಳ್ತಾರೆ. ಉದ್ದೇಶ ಒಳ್ಳೇದು. ಲೆಕ್ಕ ನೋಡಿ: ಮೂರು ಲೀಟರ್ ಒಳಗೆ ಹೋಗಿ ಒಂದು ಲೀಟರ್ ಕುಡಿಯೋ ನೀರು ಬಂದರೆ, ಮೂರು ಲೀಟರಿನ ಉಪ್ಪೆಲ್ಲ ಹೆಚ್ಚುಕಡಿಮೆ ಉಳಿದ ಎರಡು ಲೀಟರಿನಲ್ಲೇ ಇರುತ್ತೆ. ಅಂದರೆ ನಲ್ಲಿ ನೀರಿನ ಒಂದೂವರೆ ಪಟ್ಟು. ಅದರಲ್ಲಿ ನೆಲ ಒರೆಸಿ, ಟಾಯ್ಲೆಟ್‌ಗೆ ಹಾಕಿ, ಬಾಲ್ಕನಿ ತೊಳೆಯಿರಿ. ಕಿತ್ತಳೆ ಗಿಡಕ್ಕೆ ಬೇಡ.

ಎಸ್‌ಟಿಪಿ ನೀರಿನ ಬಗ್ಗೆಯೂ ಇದೇ ಮಾತು. ಶುದ್ಧೀಕರಣದಲ್ಲಿ ಕೊಳೆ ಹೋಗುತ್ತೆ, ಕರಗಿದ ಉಪ್ಪು ಹೋಗೋದಿಲ್ಲ. ಸಾಫ್ಟ್‌ನರ್ ನೀರೇ ಬಚ್ಚಲಿನಿಂದ ಎಸ್‌ಟಿಪಿಗೆ ಹೋಗುವ ಕಟ್ಟಡಗಳಲ್ಲಿ ಆ ಸೋಡಿಯಂ ಎಲ್ಲ ತೋಟದ ಪೈಪಿಗೇ ಬರುತ್ತೆ. ನೆಲದಲ್ಲಿರುವ ಹೊಂಗೆ, ಬೋಗನ್‌ವಿಲ್ಲಾ, ಹುಲ್ಲಿಗೆ ಮಳೆ ಬಂದು ತೊಳೆಯುತ್ತೆ, ನಡೆಯುತ್ತೆ. ಕುಂಡಕ್ಕೆ ನಡೆಯಲ್ಲ.

ಹಾಗಾದ್ರೆ ಏನು ಹಾಕೋದು?

ಬೇಸಿಗೆಯಲ್ಲಿ 12 ಇಂಚಿನ ಕುಂಡದ ಒಂದು ಗಿಡಕ್ಕೆ ದಿನಕ್ಕೆ ಒಂದರಿಂದ ಎರಡು ಲೀಟರ್ ನೀರು ಬೇಕು. ತಿಂಗಳಿಗೆ 30ರಿಂದ 60 ಲೀಟರ್. ಇಷ್ಟು ಒಳ್ಳೇ ನೀರು ಹೊಂದಿಸೋದು ಅಸಾಧ್ಯ ಅಲ್ಲ.

ಮೊದಲನೆಯದು ಎಸಿ ನೀರು. ಗಾಳಿಯ ತೇವ ತಣ್ಣಗಾಗಿ ಇಳಿದ ನೀರು, ಉಪ್ಪು ಇಲ್ಲವೇ ಇಲ್ಲ ಅನ್ನಬಹುದು. ನನ್ನ ಮೀಟರಿನಲ್ಲಿ 50 ಕೂಡ ಮುಟ್ಟಲಿಲ್ಲ. ಎಸಿ ಪೈಪಿನ ಕೆಳಗೆ ಬಕೆಟ್ ಇಡಿ, ಅಷ್ಟೇ. ನೀರು ಜಾಸ್ತಿ ಬೇಕಾಗೋ ಕಾಲದಲ್ಲೇ ಎಸಿ ಓಡೋದು, ಹಾಗಾಗಿ ಲೆಕ್ಕ ಹೊಂದುತ್ತೆ. ಇದನ್ನು ಕುಡಿಯೋಕೆ ಮಾತ್ರ ಬಳಸಬೇಡಿ.

ಎರಡನೆಯದು ಮಳೆ ನೀರು. ಒಂದು ಚದರ ಮೀಟರ್ ಜಾಗದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 10 ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಒಂದು ಮೀಟರಿನ ಹತ್ತಿರ ಮಳೆ ಬೀಳುತ್ತೆ, ಸೆಪ್ಟೆಂಬರಿನಲ್ಲಿ ಅತಿ ಹೆಚ್ಚು. ಮಳೆನೀರು ಸಂಗ್ರಹ ಇಲ್ಲಿ 2009ರಿಂದ ಕಾನೂನು. ನಿಮ್ಮ ಕಟ್ಟಡದಲ್ಲೂ ಒಂದು ಮಳೆನೀರಿನ ತೊಟ್ಟಿ ಇರಬಹುದು, ಎಲ್ಲಿದೆ ಅಂತ ಸೆಕ್ಯೂರಿಟಿಯವರಿಗೋ ಪ್ಲಂಬರ್‌ಗೋ ಗೊತ್ತಿರುತ್ತೆ. ಮಳೆ ಬಂದಾಗ ಕುಂಡವನ್ನೇ ಒಂದು ಗಂಟೆ ಹೊರಗಿಟ್ಟರೂ ಆಯಿತು, ಮಣ್ಣಿನ ಉಪ್ಪು ತೊಳೆದು ಹೋಗುತ್ತೆ.

ಮೂರನೆಯದು, ಸಾಫ್ಟ್‌ನರಿಗೆ ಮುಂಚಿನ ನಲ್ಲಿ. ಸಂಪಿನ ಹತ್ತಿರವೋ ಪಂಪ್ ರೂಮಿನಲ್ಲೋ ಕಚ್ಚಾ ನೀರಿನ ಒಂದು ನಲ್ಲಿ ಸಾಮಾನ್ಯವಾಗಿ ಇರುತ್ತೆ. ಆ ನೀರು ಗಡಸೇ ಹೌದು, ಆದರೂ ಸೋಡಿಯಂ ನೀರಿಗಿಂತ ಮೇಲು. ಅರ್ಧ ಅದು, ಅರ್ಧ ಎಸಿ ನೀರು ಬೆರೆಸಿದರೆ ಗಿಡಕ್ಕೆ ಕ್ಯಾಲ್ಸಿಯಂ ಕೂಡ ಸಿಗುತ್ತೆ. ನಾನು ಈಗ ಮಾಡ್ತಿರೋದು ಇದನ್ನೇ.

ಇನ್ನು ಕಾವೇರಿ. ಐದನೇ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಮಹದೇವಪುರ ಕಡೆಯ ಎಷ್ಟೋ ಹಳ್ಳಿಗಳು ಆ ಪಟ್ಟಿಯಲ್ಲಿವೆ. ಆದರೆ ನಲ್ಲಿಯಲ್ಲಿ ಕಾವೇರಿ ಬಂದ ಮಾತ್ರಕ್ಕೆ ಅದನ್ನು ಗಿಡಕ್ಕೆ ಸುರಿಯೋ ಹಾಗಿಲ್ಲ ಅನ್ನೋದನ್ನು 2024ರ ಮಾರ್ಚ್ ಕಲಿಸಿದೆ. ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತ ಆ ತಿಂಗಳು ಜಲಮಂಡಳಿ ಕಾರು ತೊಳೆಯೋಕೆ, ಕೈತೋಟಕ್ಕೆ ಕುಡಿಯುವ ನೀರು ಬಳಸೋದನ್ನು ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಮನೆಯಲ್ಲಿ ಸ್ನಾನಕ್ಕೆ ಅರ್ಧ ಬಕೆಟ್ ಅಂತ ಲೆಕ್ಕ ಹಾಕುವಾಗ ಅಲಂಕಾರದ ಗಿಡಕ್ಕೆ ಎರಡು ಲೀಟರ್ ಹಾಕೋದು ಸರಿಯಾ ಅಂತ ನನ್ನ ಹೆಂಡತಿ ಕೇಳಿದಳು. ಸರಿಯಾದ ಪ್ರಶ್ನೆಯೇ. ಎಸಿ ನೀರು, ಮಳೆ ನೀರಿನಲ್ಲಿ ಗಿಡ ಬದುಕಿಸೋದು ಗಿಡಕ್ಕೂ ಒಳ್ಳೇದು, ಆ ಪ್ರಶ್ನೆಗೂ ಉತ್ತರ.

ಎಲೆ ಓದೋದು ಹೇಗೆ?

ಹಳದಿ ಎಲೆ ಕಂಡ ಕೂಡಲೇ ಕೆಲವರು ಎಪ್ಸಮ್ ಸಾಲ್ಟ್ ಹಾಕ್ತಾರೆ, ಕೆಲವರು ಮೊಟ್ಟೆ ಸಿಪ್ಪೆ, ಇನ್ನು ಕೆಲವರು ಕಾಫಿ ಚರಟ. ಹಳದಿಯಲ್ಲೇ ನಾಲ್ಕೈದು ಬಗೆ ಇದೆ. ಮೊದಲು ಯಾವುದು ಅಂತ ನೋಡಿ.

ಹೊಸ ಎಲೆ ಹಳದಿ, ನರ ಹಸಿರು: ಕಬ್ಬಿಣದ ಕೊರತೆ. ನಮ್ಮ ಕಡೆ ಇದರ ಹಿಂದೆ ಇರೋದು ಹೆಚ್ಚಾಗಿ ಗಡಸು ನೀರು.

ಹೊಸ ಎಲೆ ಸಣ್ಣದು, ಕಿರಿದು, ನರಗಳ ನಡುವೆ ಮಚ್ಚೆ ಮಚ್ಚೆ ಹಳದಿ: ಸತುವಿನ ಕೊರತೆ.

ಹಳೇ ಎಲೆ ಹಳದಿ, ತೊಟ್ಟಿನ ಹತ್ತಿರ ಮಾತ್ರ ತ್ರಿಕೋನದಂಥ ಹಸಿರು: ಮೆಗ್ನೀಸಿಯಂ ಕೊರತೆ. ಎಪ್ಸಮ್ ಸಾಲ್ಟ್ ಕೆಲಸಕ್ಕೆ ಬರೋದು ಇದಕ್ಕೆ ಮಾತ್ರ.

ಹಳೇ ಎಲೆಗಳೆಲ್ಲ ಒಂದೇ ಸಮ ತಿಳಿ ಹಳದಿ: ಸಾರಜನಕ ಸಾಲದು, ಗೊಬ್ಬರ ಹಾಕಿ.

ಎಲೆ ತುದಿ, ಅಂಚು ಕಂದು: ಉಪ್ಪು.

ಮಣ್ಣು ಒದ್ದೆಯಾಗಿಯೇ ಇದ್ದು ಎಲೆ ಸೊರಗಿ ಉದುರಿದರೆ: ಬೇರು ಕೊಳೆಯುತ್ತಿದೆ. ನೀರು ನಿಲ್ಲಿಸಿ, ಕುಂಡದ ತೂತು ಕಟ್ಟಿದೆಯಾ ನೋಡಿ.

ಮೊಟ್ಟೆ ಸಿಪ್ಪೆ ಕೊಡೋದು ಕ್ಯಾಲ್ಸಿಯಂ. ಗಡಸು ನೀರಿನ ಮನೆಯಲ್ಲಿ ಅದಕ್ಕೆ ಕೊರತೆಯೇ ಇಲ್ಲ. ಡಿಕಾಕ್ಷನ್ ಇಳಿಸಿದ ಮೇಲೆ ಉಳಿದ ಚರಟದಲ್ಲಿ ಹುಳಿ ಅಂಶ ಹೆಚ್ಚು ಉಳಿದಿರೋದಿಲ್ಲ. ಅದರಿಂದ ಪಿಎಚ್ ಇಳಿಯುತ್ತೆ ಅಂತ ನಂಬಿ ಕೂರಬೇಡಿ.

ಕಬ್ಬಿಣಕ್ಕೆ ಚೀಲೇಟೆಡ್ ಐರನ್ ಬೇಕು. ಇದರಲ್ಲೂ ಎರಡು ಬಗೆ. ಅಗ್ಗವಾಗಿ ಸಿಗುವ ಇಡಿಟಿಎ ರೂಪದ್ದು ಕ್ಷಾರ ಮಣ್ಣಿನಲ್ಲಿ ಬೇಗ ನಿಷ್ಫಲ ಆಗುತ್ತೆ. ಇಡಿಡಿಎಚ್‌ಎ ಅಂತ ಪ್ಯಾಕೆಟ್ಟಿನ ಮೇಲಿರೋದು ದುಬಾರಿ, ಆದರೆ ಕ್ಷಾರ ಮಣ್ಣಿನಲ್ಲೂ ಕೆಲಸ ಮಾಡುತ್ತೆ. ಎಲೆಗೆ ಸಿಂಪಡಿಸೋದಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಸಿಟ್ರಸ್ ಸ್ಪೆಷಲ್’ ಎಂಬ ಲಘು ಪೋಷಕಾಂಶಗಳ ಮಿಶ್ರಣ ಇದೆ. ತೋಟದ ಬೆಳೆಗಾರರಿಗೆಂದು ಮಾಡಿದ್ದು, ಕುಂಡದ ಗಿಡಕ್ಕೂ ಆಗುತ್ತೆ. ಪ್ರಮಾಣ ಪ್ಯಾಕೆಟ್ಟಿನಲ್ಲಿರುವಷ್ಟೇ ಹಾಕಿ. ಪೀಣ್ಯ, ದಾಸರಹಳ್ಳಿ ಕಡೆ ಇರೋರಿಗೆ ಹೆಸರಘಟ್ಟ ಒಂದು ಶನಿವಾರದ ಬೈಕ್ ಸವಾರಿಯಷ್ಟು ದೂರ.

ಒಂದು ಮಾತು: ಒಮ್ಮೆ ಹಳದಿಯಾದ ಎಲೆ ಪೂರ್ತಿ ಹಸಿರಾಗೋದನ್ನು ಕಾಯಬೇಡಿ. ಮುಂದೆ ಬರುವ ಚಿಗುರಿನ ಬಣ್ಣ ನೋಡಿ. ನಮ್ಮ ಗಿಡಕ್ಕೆ ನೀರು ಬದಲಿಸಿ, ಕುಂಡಕ್ಕೆ ಮೂರು ಸಲ ಮಳೆ ನೀರು ಸುರಿದು ತೊಳೆದು, ಕಬ್ಬಿಣ ಕೊಟ್ಟ ಮೇಲೆ ಆರನೇ ವಾರದಲ್ಲಿ ಬಂದ ಚಿಗುರು ಹಸಿರಾಗಿತ್ತು. ಹಳೇ ಎಲೆಗಳು ಒಂದೊಂದಾಗಿ ಉದುರಿದವು. ಹೂವು ಬಂದದ್ದು ಮುಂದಿನ ವರ್ಷವೇ.

ಬಿಸಿಲು, ಕುಂಡ, ಮಣ್ಣು

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಇಲ್ಲದಿದ್ದರೆ ಈ ಗಿಡ ತರಬೇಡಿ. ಎಲೆ ಇರುತ್ತೆ, ಹೂವು ಬರಲ್ಲ. ಬಾಲ್ಕನಿ ಯಾವ ದಿಕ್ಕು ಅನ್ನೋದನ್ನು ಒಂದು ದಿನ ನೋಡಿ ತೀರ್ಮಾನಿಸೋಕೂ ಆಗಲ್ಲ. ಬೆಂಗಳೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ಹಾಗಾಗಿ ದಕ್ಷಿಣದ ಬಾಲ್ಕನಿಗೆ ಡಿಸೆಂಬರಿನಲ್ಲಿ ಬರೋ ಬಿಸಿಲು ಜೂನ್‌ನಲ್ಲಿ ಇರಲ್ಲ. ಪೂರ್ವದ ಬಾಲ್ಕನಿ ಎಲ್ಲಕ್ಕಿಂತ ಅನುಕೂಲ, ಎದುರು ಇನ್ನೊಂದು ಟವರ್ ಇಲ್ಲದಿದ್ದರೆ.

ಕುಂಡ 12ರಿಂದ 14 ಇಂಚು ಸಾಕು. ಮಣ್ಣಿನ ಕುಂಡ ಗಾಳಿಯಾಡುತ್ತೆ, ಬೇಗ ಒಣಗುತ್ತೆ. ಪ್ಲಾಸ್ಟಿಕ್ ಹಗುರ, ತೇವ ಹಿಡಿಯುತ್ತೆ. ಬರೀ ಕೆಂಪು ಮಣ್ಣು ತುಂಬಿದರೆ ಆರು ತಿಂಗಳಲ್ಲಿ ಇಟ್ಟಿಗೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯಲ್ಲೂ ಉಪ್ಪಿರುತ್ತೆ, ಎರಡು ಸಲ ನೆನೆಸಿ ಹಿಂಡಿ ಹಾಕಿ. ಒದ್ದೆಯಾದ 12 ಇಂಚಿನ ಕುಂಡ ಇಪ್ಪತ್ತು ಕೆಜಿ ದಾಟುತ್ತೆ. ರೇಲಿಂಗ್ ಮೇಲೆ, ಹೊರಚಾಚಿದ ಕಂಬಿಯ ಮೇಲೆ ಇಡೋ ವಸ್ತು ಅಲ್ಲ ಇದು. ಕೆಳಗೆ ಮಕ್ಕಳು ಆಡ್ತಿರ್ತಾರೆ. ಕೆಳಮನೆಯವರ ಒಣಗಿದ ಬಟ್ಟೆ ಮೇಲೆ ಕೆಸರು ನೀರು ಬೀಳದ ಹಾಗೆ ತಟ್ಟೆಯೂ ಇರಲಿ. ಆದರೆ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ, ಇಲ್ಲದಿದ್ದರೆ ತೊಳೆದ ಉಪ್ಪು ಮತ್ತೆ ಮೇಲೇರುತ್ತೆ, ಸೊಳ್ಳೆಯೂ ಆಗುತ್ತೆ.

ಗಿಡ ಕೊಳ್ಳುವಾಗ ಹಣ್ಣಿನ ಸಂಖ್ಯೆಗಿಂತ ಹೊಸ ಚಿಗುರು ನೋಡಿ. ಕಸಿ ಮಾಡಿದ ಗಿಡವಾದರೆ ಕಸಿಯ ಗಂಟಿನ ಕೆಳಗಿಂದ ಬರುವ ಮುಳ್ಳಿನ ಚಿಗುರನ್ನು ಆಗಾಗ ಕಿತ್ತು ಹಾಕಿ, ಅದು ಬೇರುಗಿಡದ್ದು, ಬಿಟ್ಟರೆ ಮೇಲಿನದ್ದನ್ನೇ ಮುಗಿಸುತ್ತೆ. ಮನೆಗೆ ತಂದ ಮೊದಲ ತಿಂಗಳು ಒಂದಷ್ಟು ಎಲೆ, ಕಾಯಿ ಉದುರೋದು ಸಹಜ, ಜಾಗ ಬದಲಾದದ್ದಕ್ಕೆ. ನರ್ಸರಿಯಿಂದ ಬಂದ ಮೊದಲ ಹಣ್ಣುಗಳನ್ನು ತಿನ್ನಬೇಡಿ. ಏನು ಸಿಂಪಡಿಸಿರ್ತಾರೋ ಗೊತ್ತಿರೋದಿಲ್ಲ. ತಳಿ ನೋಡಿ ಆರಿಸಬೇಕೆಂದರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿಗೆ ಒಂದು ಬೆಳಗ್ಗೆ ಹೋಗಿ ಬನ್ನಿ.

ಹೂವು ಬರಿಸುವ ಉಪವಾಸ

ನಿಂಬೆ, ಕಿತ್ತಳೆ ತೋಟದವರು ಮಾಡುವ ಒಂದು ಉಪಾಯ ಕುಂಡದಲ್ಲೂ ನಡೆಯುತ್ತೆ. ಗಿಡಕ್ಕೆ ಕೆಲವು ದಿನ ನೀರು ಕಡಿಮೆ ಮಾಡಿ, ಎಲೆ ಸ್ವಲ್ಪ ಬಾಡುವ ಹಂತಕ್ಕೆ ಬಂದಾಗ ಗೊಬ್ಬರ ಕೊಟ್ಟು ಮತ್ತೆ ನೀರು ಶುರು ಮಾಡ್ತಾರೆ. ಬರಗಾಲ ಮುಗೀತು ಅಂದುಕೊಂಡು ಗಿಡ ಹೂ ಬಿಡುತ್ತೆ. ಬೆಳೆಗಾರರು ಇದಕ್ಕೆ ‘ಬಹಾರ್’ ಅಂತಾರೆ: ಜನವರಿ–ಫೆಬ್ರವರಿಯಲ್ಲಿ ಅಂಬೆ ಬಹಾರ್, ಜೂನ್–ಜುಲೈನಲ್ಲಿ ಮೃಗ ಬಹಾರ್, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಸ್ತ ಬಹಾರ್. ಬಾಲ್ಕನಿಗೆ ಅಂಬೆ ಬಹಾರ್ ಸುಲಭ. ಸಂಕ್ರಾಂತಿ ಮುಗಿದ ಮೇಲೆ ನೀರು ಅರ್ಧ ಮಾಡಿ, ಎಲೆ ಸ್ವಲ್ಪ ಮುದುರಿದಾಗ ಎರೆಗೊಬ್ಬರ ಹಾಕಿ ಚೆನ್ನಾಗಿ ನೀರು ಕೊಡಿ. ಸೊರಗಿದ, ಹಳದಿ ಗಿಡಕ್ಕೆ ಮಾತ್ರ ಈ ಉಪವಾಸ ಬೇಡ. ಆರೋಗ್ಯ ಬಂದ ಮೇಲೆ ಸಾಕು.

ಯುಗಾದಿ ಹೊತ್ತಿಗೆ ಬಿಳಿ ಹೂವು ಬಂದರೆ ಬಾಗಿಲು ತೆರೆದ ಕೂಡಲೇ ಗೊತ್ತಾಗುತ್ತೆ, ಅಷ್ಟು ಘಮ. ಕ್ಯಾಲಮಾಂಡಿನ್‌ಗೆ ಜೋಡಿ ಗಿಡ ಬೇಡ, ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ. ಹೀಚುಗಳಲ್ಲಿ ಬಹುಪಾಲು ಉದುರುತ್ತವೆ, ಗಾಬರಿ ಬೇಡ, ಸಾಕುವಷ್ಟನ್ನು ಮಾತ್ರ ಗಿಡ ಇಟ್ಟುಕೊಳ್ಳುತ್ತೆ. ಉಳಿದವು ಹಣ್ಣಾಗೋಕೆ ತಿಂಗಳುಗಟ್ಟಲೆ ಬೇಕು. ಬೆಳೆಯುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ 19:19:19 ಗೊಬ್ಬರ, ಲೀಟರಿಗೆ ಒಂದೆರಡು ಗ್ರಾಂ. ಅದೂ ಉಪ್ಪೇ ಅನ್ನೋದು ನೆನಪಿರಲಿ, ಹೆಚ್ಚು ಹಾಕಿದರೆ ಒಳ್ಳೇದಲ್ಲ.

ಹುಳುಗಳು, ಮತ್ತು ಒಂದು ಚಿಟ್ಟೆ

ಎಳೆ ಎಲೆಗಳ ಮೇಲೆ ಬೆಳ್ಳಿ ಗೆರೆಯಲ್ಲಿ ಸುತ್ತುಸುತ್ತಾಗಿ ಬರೆದ ಹಾಗಿದ್ದರೆ ಅದು ರಂಗೋಲಿ ಹುಳು. ಎಲೆಯ ಪದರಗಳ ನಡುವೆ ಕೊರೆದು ಹೋಗಿರುತ್ತೆ. ಹೆಚ್ಚು ಮುದುರಿದ ಎಲೆ ಚಿವುಟಿ, ಹೊಸ ಚಿಗುರು ಬಂದಾಗ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಕಾಂಡದ ಸಂದಿಯಲ್ಲಿ ಹತ್ತಿಯಂತೆ ಬಿಳಿ ಕಂಡರೆ ಹಿಟ್ಟು ತಿಗಣೆ. ಇರುವೆ ಸಾಲು ಅತ್ತ ಹೋಗ್ತಿದ್ದರೆ ಅದೇ ಸುಳಿವು. ಇರುವೆ ಅದರ ಸಿಹಿಗಾಗಿ ಅದನ್ನು ಕಾಯುತ್ತೆ. ಇದಕ್ಕೂ ಅದೇ ಔಷಧಿ.

ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥ ಕಪ್ಪು ಬಿಳಿ ಮಚ್ಚೆ ಕಂಡರೆ ಒರೆಸೋ ಮುಂಚೆ ಹತ್ತಿರ ನೋಡಿ. ನಿಂಬೆ ಚಿಟ್ಟೆಯ ಮರಿ ಅದು. ಹಕ್ಕಿಗಳ ಕಣ್ಣು ತಪ್ಪಿಸೋಕೆ ಆ ವೇಷ. ದೊಡ್ಡದಾದ ಮೇಲೆ ಎಲೆಹಸಿರಾಗುತ್ತೆ. ಮುಟ್ಟಿದರೆ ತಲೆಯ ಹಿಂದಿಂದ ಕವಲೊಡೆದ ಕೊಂಬಿನಂಥದ್ದು ಹೊರಬಂದು ಘಾಟು ವಾಸನೆ ಬರುತ್ತೆ. ಒಂದು ಹುಳು ಒಂದು ಸಣ್ಣ ಕೊಂಬೆ ಬೋಳಿಸೋದು ಎರಡು ದಿನದ ಕೆಲಸ. ನಮ್ಮಲ್ಲಿ ಅದಕ್ಕೊಂದು ವ್ಯವಸ್ಥೆ ಮಾಡಿದ್ದೇವೆ: ಕರಿಬೇವು ಅದೇ ಕುಟುಂಬದ್ದಲ್ಲವಾ, ಹುಳುವನ್ನು ಎಲೆ ಸಮೇತ ಕರಿಬೇವಿನ ಗಿಡಕ್ಕೆ ಸಾಗಿಸೋದು. ಅಲ್ಲಿ ಬಿಟ್ಟ ಮೂರರಲ್ಲಿ ಎರಡು ಕೋಶ ಕಟ್ಟಿದವು. ಹನ್ನೊಂದನೇ ಮಹಡಿಯ ಬಾಲ್ಕನಿಯಿಂದ ಹಳದಿ ಕಪ್ಪು ಚಿಟ್ಟೆ ಹಾರಿಹೋಗೋದನ್ನು ನಮ್ಮ ಪಕ್ಕದ ಮನೆಯ ಮಗು ಸ್ಟ್ಯಾಂಡಪ್ ಮೀಟಿಂಗಿನ ಹೊತ್ತಿಗೆ ಬಂದು ನೋಡಿಕೊಂಡು ಹೋಯಿತು.

ಹಣ್ಣು ಏನು ಮಾಡೋದು?

ಹಣ್ಣಾದ ಮೇಲೂ ರಸ ಹುಳಿಯೇ. ಕಿತ್ತಳೆ ಅಂತ ಬಿಡಿಸಿ ಬಾಯಿಗಿಟ್ಟರೆ ಮುಖ ಕಿವುಚುತ್ತೆ. ಇದನ್ನು ನಿಂಬೆಯ ಲೆಕ್ಕದಲ್ಲಿ ಬಳಸಿ. ಬೇಳೆ ಸಾರು ಇಳಿಸಿದ ಮೇಲೆ ಎರಡು ಹಣ್ಣು ಹಿಂಡಿದರೆ ನಿಂಬೆಗಿಂತ ಬೇರೆಯದೇ ಪರಿಮಳ. ರಾಮನವಮಿ ಪಾನಕಕ್ಕೆ ಬೆಲ್ಲದ ಜತೆ ಚೆನ್ನಾಗಿ ಹೊಂದುತ್ತೆ. ಕಾಯಿ ಹಸಿರಿದ್ದಾಗಲೇ ಹಿಂಡಿ ಅಮ್ಮ ಚಿತ್ರಾನ್ನ ಮಾಡಿದರು. ‘ಹೇರಳೆಯಷ್ಟು ಕಹಿ ಇಲ್ಲ, ಆದ್ರೂ ಪರವಾಗಿಲ್ಲ ಕಣೋ’ ಅನ್ನೋದು ಅವರ ತೀರ್ಪು. ಮಿಕ್ಕಿದ್ದು ಉಪ್ಪಿನಕಾಯಿ.

ನಮ್ಮಂಥ ಬಾಡಿಗೆಯವರಿಗೆ ಈ ಗಿಡದ ಇನ್ನೊಂದು ಅನುಕೂಲ ಇದೆ, ಮನೆ ಬದಲಿಸಿದಾಗ ಜತೆಗೆ ಬರುತ್ತೆ. ಆದರೆ ಮನೆ ನೋಡೋಕೆ ಹೋದಾಗ ಪಾರ್ಕಿಂಗ್, ಪವರ್ ಬ್ಯಾಕಪ್, ಮೆಟ್ರೋ ದೂರ ಎಲ್ಲ ಕೇಳುವ ನಾವು ನೀರು ಎಲ್ಲಿಂದ ಬರುತ್ತೆ ಅಂತ ಕೇಳೋದು ಕಡಿಮೆ. ಕೇಳಿದರೂ ‘ಇಪ್ಪತ್ನಾಲ್ಕು ಗಂಟೆ ನೀರು’ ಅನ್ನೋ ಉತ್ತರಕ್ಕೆ ಸುಮ್ಮನಾಗ್ತೀವಿ. ಅಸೋಸಿಯೇಷನ್ ಬಳಿ ನೀರಿನ ಲ್ಯಾಬ್ ರಿಪೋರ್ಟ್ ಇರುತ್ತೆ, ಇರಲೇಬೇಕು. ನಮ್ಮಲ್ಲಿ ಗಿಡದ ನೆಪದಲ್ಲಿ ನಾನು ಅದನ್ನು ಕೇಳಿದೆ. ಆ ರಿಪೋರ್ಟನ್ನು ಗ್ರೂಪಿಗೆ ಹಾಕಿದ ಮೇಲೆ ಗಿಡ ಇಲ್ಲದವರೂ ಪ್ರಶ್ನೆ ಕೇಳೋಕೆ ಶುರು ಮಾಡಿದರು: ರಕ್ತದೊತ್ತಡ ಇರುವ ಅಪ್ಪ ಇದೇ ಸಾಫ್ಟ್‌ನರ್ ನೀರು ಕುಡಿಯಬಹುದಾ, ಅಡುಗೆಮನೆಗೆ ಬೇರೆ ಪೈಪು ಎಳೆಯೋಕಾಗುತ್ತಾ, ಮಳೆನೀರಿನ ತೊಟ್ಟಿ ಯಾಕೆ ಖಾಲಿ ಇದೆ. ತೊಟ್ಟಿಯ ಫಿಲ್ಟರ್ ಈ ಜೂನ್‌ಗೆ ಮುಂಚೆ ಕ್ಲೀನ್ ಆಗಿದೆ. ಉಳಿದ ಎರಡು ಪ್ರಶ್ನೆ ಮುಂದಿನ ಮೀಟಿಂಗಿಗೆ ಹೋಗಿವೆ.

ಗಿಡ ತರಬೇಕು ಅಂತಿದ್ದರೆ ಒಂದು ಕೆಲಸ ಮೊದಲು ಮಾಡಿ. ನಿಮ್ಮ ಬಾಲ್ಕನಿ ನಲ್ಲಿಯಿಂದ ಒಂದು ಲೋಟ, ಸಂಪಿನ ಹತ್ತಿರದ ನಲ್ಲಿಯಿಂದ ಒಂದು ಲೋಟ, ಎಸಿ ಪೈಪಿನಿಂದ ಒಂದು ಲೋಟ ನೀರು ಹಿಡಿದು ಮೂರಕ್ಕೂ ಮೀಟರ್ ಅದ್ದಿ ನೋಡಿ, ಸಾಫ್ಟ್‌ನರ್ ಇದೆಯಾ ಅಂತ ಪ್ಲಂಬರನ್ನು ಕೇಳಿ. ನರ್ಸರಿಗೆ ಹೋಗೋದು ಅದಾದ ಮೇಲೆ.